ಪೋಕರ್ ಸೈಟಿಗೆ ‘ಲೈಸೆನ್ಸ್ ಇದೆ’ ಅಂದರೆ ನಂಬೋದಾ? ಹಂತ ಹಂತವಾಗಿ ಪರಿಶೀಲಿಸುವ ಕ್ರಮ

ಸಾಗರ, ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗ, ಎಲ್ಲ ಕಡೆಯಿಂದಲೂ ಬರುವ ಪ್ರಶ್ನೆ ಒಂದೇ ಅಚ್ಚಿನದು. ಒಂದು ಪೋಕರ್ ಸೈಟಿನ ಸ್ಕ್ರೀನ್‌ಶಾಟ್. ಪುಟದ ತಳದಲ್ಲಿ ಬಂಗಾರದ ಬಣ್ಣದ ಮುದ್ರೆ, ಪಕ್ಕದಲ್ಲಿ ಒಂದು ನಂಬರ್. ಜೊತೆಗೆ, ‘ಸರ್, ಈ ಲೈಸೆನ್ಸ್ ಒರಿಜಿನಲ್ಲಾ?’

ಎಡವುವುದು ಇಲ್ಲೇ. ಮುದ್ರೆಯಿಂದ ಶುರು ಮಾಡುತ್ತಾರೆ. ಮುದ್ರೆ ಅಸಲಿಯೇ ಇರಬಹುದು, ಆದರೂ ಕರ್ನಾಟಕದಲ್ಲಿ ಕೂತವರಿಗೆ ಅದರಿಂದ ಮೂರು ಕಾಸಿನ ರಕ್ಷಣೆಯೂ ಸಿಗದೇ ಇರಬಹುದು. ಲೈಸೆನ್ಸ್ ಅನ್ನೋದು ಒಂದು ಸರ್ಕಾರ ತನ್ನ ಗಡಿಯೊಳಗಿನ ವ್ಯವಹಾರಕ್ಕೆ ಕೊಡುವ ಅನುಮತಿ. ಗೋವಾದ ಬಾರ್ ಲೈಸೆನ್ಸ್ ಹಿಡಿದುಕೊಂಡು ಬಂದು ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ಬಾರ್ ತೆರೆಯೋಕೆ ಆಗಲ್ಲ, ಅಲ್ವಾ? ಹಾಗಾಗಿ ಪರಿಶೀಲನೆಯ ಕ್ರಮ ಮುಖ್ಯ. ಮೊದಲು ನೀವಿರುವ ಜಾಗ, ಆಮೇಲೆ ಕಂಪನಿ, ಆಮೇಲೆ ಕಾಗದ, ಕೊನೆಗೆ ದುಡ್ಡಿನ ದಾರಿ.

## ಶುರು ಮಾಡುವ ಮೊದಲು

ಬೇಕಾಗಿರುವುದು ಜಾಸ್ತಿ ಏನಿಲ್ಲ. ಒಂದು ಲ್ಯಾಪ್‌ಟಾಪ್, ಇಲ್ಲವೇ ಬ್ರೌಸರ್‌ನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಆಯ್ಕೆ ಮಾಡಿಕೊಂಡ ಫೋನ್. ಒಂದು ನೋಟ್‌ಬುಕ್, ಪೆನ್ನು. ನೆಟ್‌ವರ್ಕ್ ಸರಿಯಾಗಿ ಸಿಗುವ ಜಾಗ. ಮಳೆಗಾಲದಲ್ಲಿ ಗುಡ್ಡ ಹತ್ತಿ ನಿಂತು ಮಾಡುವ ಕೆಲಸ ಅಲ್ಲ ಇದು. ಲೈಸೆನ್ಸ್ ಕೊಡುವ ಪ್ರಾಧಿಕಾರಗಳ ಪುಟಗಳು ಅರ್ಧ ತೆರೆದುಕೊಂಡರೆ ಇರುವ ಹೆಸರೂ ಇಲ್ಲದ ಹಾಗೆ ಕಾಣುತ್ತದೆ.

ಪರಿಶೀಲನೆ ಮುಗಿಯುವ ತನಕ ಮೂರು ಕೆಲಸ ಮಾಡಬೇಡಿ: ಆ್ಯಪ್ ಇನ್‌ಸ್ಟಾಲ್ ಮಾಡಬೇಡಿ, ಮೊಬೈಲ್ ನಂಬರ್ ಕೊಟ್ಟು ಲಾಗಿನ್ ಆಗಬೇಡಿ, ಆಧಾರ್ ಅಥವಾ ಪ್ಯಾನ್ ಫೋಟೊ ಕಳಿಸಬೇಡಿ. ‘ಸುಮ್ನೆ ಒಳಗೆ ಹೋಗಿ ನೋಡ್ತೀನಿ’ ಅಂತ ನಂಬರ್ ಕೊಟ್ಟವರಿಗೆ ಮರುದಿನದಿಂದಲೇ ವಾಟ್ಸಾಪ್‌ನಲ್ಲಿ ಬೋನಸ್ ಆಸೆ ತೋರಿಸುವ ಮೆಸೇಜ್ ಶುರುವಾಗುತ್ತದೆ. ನಿಮಗೆ ಬೇಕಾದ ಮಾಹಿತಿ ಎಲ್ಲ ಲಾಗಿನ್ ಇಲ್ಲದೆಯೇ ಸಿಗಬೇಕು. ಸಿಗಲಿಲ್ಲ ಅಂದರೆ ಅದೇ ಮೊದಲ ಎಚ್ಚರಿಕೆ.

## ಹಂತ 1: ನೀವು ಕೂತಿರುವ ಜಾಗದ ಕಾನೂನು

ನೋಟ್‌ಬುಕ್‌ನಲ್ಲಿ ಮೊದಲ ಸಾಲಿಗೆ ಈ ಪ್ರಶ್ನೆ ಬರೆದುಕೊಳ್ಳಿ: ಇಲ್ಲಿ ದುಡ್ಡು ಕಟ್ಟಿ, ದುಡ್ಡು ಗೆಲ್ಲುವ ಆಸೆಯಿಂದ ಆಡುವುದಾ?

ಉತ್ತರ ಹೌದು ಅಂತಾದರೆ, 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಅದನ್ನು ‘ಆನ್‌ಲೈನ್ ಹಣದ ಆಟ’ ಅನ್ನುತ್ತದೆ. ಸಂಸತ್ತಿನಲ್ಲಿ ಪಾಸಾಗಿ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಕಾಯ್ದೆ ಇದು. ಅದರಲ್ಲಿ ಹಣದ ಆಟಕ್ಕೆ ಲೈಸೆನ್ಸ್ ಕೊಡುವ ದಾರಿಯೇ ಇಲ್ಲ, ನೇರ ನಿಷೇಧ. ಆಟ ಬುದ್ಧಿಯದ್ದಾ, ಅದೃಷ್ಟದ್ದಾ ಅನ್ನುವ ಪ್ರಶ್ನೆಯನ್ನೇ ಕಾಯ್ದೆ ಪಕ್ಕಕ್ಕೆ ಇಟ್ಟಿದೆ. ಹೊರದೇಶದಲ್ಲಿ ಕೂತು ಭಾರತದವರಿಗೆ ಆಟ ಒದಗಿಸುವವರಿಗೂ ಅದು ಅನ್ವಯಿಸುತ್ತದೆ.

ಇಲ್ಲಿ ಮೂರು ವಾದ ಮತ್ತೆ ಮತ್ತೆ ಕೇಳಿಬರುತ್ತವೆ.

ಒಂದು, ‘ಹೈಕೋರ್ಟೇ ಪೋಕರ್ ಸ್ಕಿಲ್ ಗೇಮ್ ಅಂದಿದೆಯಲ್ಲ’. ಅರ್ಧ ನಿಜ. 2021ರ ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆಯಲ್ಲಿ ಕೌಶಲದ ಆಟಗಳನ್ನೂ ಸೇರಿಸಿ ನಿಷೇಧಿಸಿದ್ದ ಭಾಗಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಆದರೆ ಅದು ರಾಜ್ಯದ ಕಾಯ್ದೆಯ ಮೇಲಿನ ತೀರ್ಪು. ಮೂರು ವರ್ಷ ಆದಮೇಲೆ ಬಂದ ಕೇಂದ್ರದ ಕಾಯ್ದೆಗೆ ಅದನ್ನೇ ತೋರಿಸಿದರೆ ನಡೆಯಲ್ಲ. ಕೇಂದ್ರದ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಹೈಕೋರ್ಟ್‌ಗಳಲ್ಲಿದ್ದವು, 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವನ್ನು ತನ್ನ ಬಳಿಗೆ ವರ್ಗಾಯಿಸಿಕೊಂಡಿತು. ಯಾರಾದರೂ ತೀರ್ಪು ತೋರಿಸಿದರೆ ಮೊದಲು ತಾರೀಖು ನೋಡಿ.

ಎರಡು, ‘ನಾವು ದುಡ್ಡಲ್ಲಿ ಆಡಲ್ಲ, ಚಿಪ್ಸ್‌ನಲ್ಲಿ ಆಡೋದು’. ದುಡ್ಡು ಕೊಟ್ಟು ಕೊಂಡ ಕಾಯಿನ್, ಟೋಕನ್, ಕ್ರೆಡಿಟ್ ಎಲ್ಲವೂ ಕಾಯ್ದೆಯ ಪ್ರಕಾರ ಪಣವೇ.

ಮೂರು, ‘ಆಡೋರಿಗೆ ಶಿಕ್ಷೆ ಇಲ್ಲ’. ಇದು ಸರಿ, ಈ ಕಾಯ್ದೆಯಲ್ಲಿ ಆಟಗಾರನಿಗೆ ಶಿಕ್ಷೆ ಇಟ್ಟಿಲ್ಲ. ಆದರೆ ಶಿಕ್ಷೆ ಇಲ್ಲ ಅನ್ನೋದಕ್ಕೂ ದುಡ್ಡು ವಾಪಸ್ ಬರುತ್ತೆ ಅನ್ನೋದಕ್ಕೂ ಸಂಬಂಧ ಇಲ್ಲ. ನಿಷೇಧಿತ ಆಟದಲ್ಲಿ ಗೆದ್ದದ್ದು ಕೊಡಲಿಲ್ಲ ಅಂತ ಯಾವ ಕಟಕಟೆಗೆ ಹೋಗುತ್ತೀರಿ?

ದುಡ್ಡೇ ಇಲ್ಲದ, ಬರೀ ಕಾಲ ಕಳೆಯುವ ಪೋಕರ್ ಬೇರೆ ಮಾತು. ಕಾಯ್ದೆ ಅದನ್ನು ಸಾಮಾಜಿಕ ಆಟ ಅನ್ನುತ್ತದೆ. ಚಂದಾ ಅಥವಾ ಪ್ರವೇಶ ಶುಲ್ಕ ಇರಬಹುದು, ಆದರೆ ಆ ದುಡ್ಡು ಪಣ ಆಗಿರಬಾರದು. ದೀಪಾವಳಿ ರಾತ್ರಿ ಎದುರುಬದುರು ಕೂತು ಆಡುವ ಇಸ್ಪೀಟಿನ ಕಥೆಯೂ ಬೇರೆ, ಅದಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ನೋಡಬೇಕು.

ನಿಜ ಹೇಳಬೇಕೆಂದರೆ, ದುಡ್ಡಿನ ಪೋಕರ್ ಆಗಿದ್ದರೆ ಪರಿಶೀಲನೆ ಇಲ್ಲಿಗೇ ಮುಗಿಯಬೇಕು. ಮುಂದಿನ ಹಂತಗಳು ಎರಡು ಥರದವರಿಗೆ. ಒಬ್ಬರು, ಆಗಲೇ ದುಡ್ಡು ಹಾಕಿ ಕೂತವರು. ಇನ್ನೊಬ್ಬರು, ‘ಇಂಟರ್‌ನ್ಯಾಷನಲ್ ಲೈಸೆನ್ಸ್ ಇದೆ ಮಾರಾಯ’ ಅಂತ ಹಟ ಹಿಡಿಯುವ ತಮ್ಮನಿಗೋ ಭಾವನಿಗೋ ಆಧಾರ ಸಮೇತ ತೋರಿಸಬೇಕಾದವರು.

## ಹಂತ 2: ಕಂಪನಿಯ ಪೂರ್ತಿ ಹೆಸರು ಹುಡುಕಿ

ಸೈಟಿನ ಹೆಸರು ಬೇರೆ, ಕಂಪನಿಯ ಹೆಸರು ಬೇರೆ. ಲೈಸೆನ್ಸ್ ಸಿಗುವುದು ಕಂಪನಿಗೆ. ಪುಟದ ತಳದಲ್ಲಿ ‘ನಿಯಮಗಳು ಮತ್ತು ಷರತ್ತುಗಳು’ ಅಂತ ಇರುತ್ತದೆ, ಅದನ್ನು ತೆರೆಯಿರಿ. ನಾಲ್ಕು ಸಂಗತಿ ಬರೆದುಕೊಳ್ಳಿ: ಕಂಪನಿಯ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಯಾವ ದೇಶದ ಕಾನೂನು ಅನ್ವಯ, ಯಾವ ದೇಶದವರು ಆಡಬಾರದು.

ಕೊನೆಯದ್ದನ್ನು ನೋಡುವವರೇ ಕಡಿಮೆ. ‘ನಿರ್ಬಂಧಿತ ದೇಶಗಳು’ ಅನ್ನುವ ಉದ್ದ ಪಟ್ಟಿಯ ಮಧ್ಯೆ ಎಲ್ಲೋ ಭಾರತದ ಹೆಸರು ಇರುತ್ತದೆ. ಇಲ್ಲವೇ, ‘ನಿಮ್ಮ ದೇಶದಲ್ಲಿ ಇದು ಕಾನೂನುಬದ್ಧವೇ ಎಂದು ನೋಡಿಕೊಳ್ಳುವುದು ನಿಮ್ಮದೇ ಜವಾಬ್ದಾರಿ’ ಅನ್ನುವ ಒಂದು ಸಾಲು ಇರುತ್ತದೆ. ಅಂದರೆ ಗೆದ್ದ ದಿನ ಅವರು ಕೈ ತೊಳೆದುಕೊಳ್ಳಲು ಬಾಗಿಲು ಮೊದಲೇ ತೆರೆದಿಟ್ಟಿದ್ದಾರೆ. ಮುಖಪುಟದಲ್ಲಿ ಹಿಂದಿ, ತಮಿಳು, ಕನ್ನಡದಲ್ಲಿ ಸ್ವಾಗತ, ಒಳಗಿನ ಷರತ್ತಿನಲ್ಲಿ ಭಾರತದವರಿಗೆ ಪ್ರವೇಶ ಇಲ್ಲ. ಇದನ್ನು ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಬೇಕಾಗುತ್ತದೆ.

ಭಾರತದ ಕಂಪನಿ ಅಂತ ಬರೆದಿದ್ದರೆ ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ ಕೇಳಿ. ಅದರಲ್ಲಿ 21 ಅಕ್ಷರ ಮತ್ತು ಅಂಕಿ ಇರಬೇಕು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಕಂಪನಿ ಇನ್ನೂ ಚಾಲ್ತಿಯಲ್ಲಿದೆಯಾ, ಪಟ್ಟಿಯಿಂದ ತೆಗೆದುಹಾಕಿದ್ದಾರಾ ಅಂತ ಗೊತ್ತಾಗುತ್ತದೆ.

ಎಲ್ಲಿ ಹುಡುಕಿದರೂ ಕಂಪನಿಯ ಹೆಸರೇ ಇಲ್ಲವಾ? ನೋಟ್‌ಬುಕ್ ಮುಚ್ಚಿ. ಮುಂದಿನದು ಬೇಡ.

## ಹಂತ 3: ತೋರಿಸುತ್ತಿರುವ ಕಾಗದ ಯಾವುದು?

‘ಲೈಸೆನ್ಸ್’ ಅಂತ ಕಳಿಸುವ ಪಿಡಿಎಫ್‌ಗಳಲ್ಲಿ ಬಹುಪಾಲು ಲೈಸೆನ್ಸೇ ಅಲ್ಲ. ಪಾಲಿಕೆಯ ಉದ್ದಿಮೆ ಪರವಾನಗಿ, ಉದ್ಯಮ್ ನೋಂದಣಿ, ಕಂಪನಿ ನೋಂದಣಿ ಪ್ರಮಾಣಪತ್ರ, ಐಎಸ್‌ಒ, ಇವು ಯಾವುವೂ ಜೂಜಿಗೆ ಅನುಮತಿ ಅಲ್ಲ. ಅಶೋಕ ಸ್ತಂಭದ ಚಿತ್ರ ನೋಡಿದ ಕೂಡಲೇ ಸರ್ಕಾರಿ ಒಪ್ಪಿಗೆ ಅಂದುಕೊಳ್ಳಬೇಡಿ.

ಜಿಎಸ್‌ಟಿ ನೋಂದಣಿ ತೋರಿಸುವವರು ಇನ್ನೂ ಜಾಸ್ತಿ. 15 ಅಂಕಿ-ಅಕ್ಷರದ ಆ ಸಂಖ್ಯೆ 29ರಿಂದ ಶುರುವಾದರೆ ಕರ್ನಾಟಕದ್ದು, ಅಷ್ಟೇ ಅದರ ಅರ್ಥ. ಹಣದ ಆಟಗಳಿಗೆ 28% ಜಿಎಸ್‌ಟಿ ಹಾಕಿದ 2023ರ ತಿದ್ದುಪಡಿಯಲ್ಲೇ, ಜೂಜನ್ನು ನಿಷೇಧಿಸುವ ಬೇರೆ ಕಾನೂನುಗಳಿಗೆ ಇದರಿಂದ ಧಕ್ಕೆ ಇಲ್ಲ ಅಂತ ಬರೆದಿದ್ದಾರೆ. ತೆರಿಗೆ ಕಟ್ಟಿದ್ದಾರೆ ಅಂದ ಮಾತ್ರಕ್ಕೆ ವ್ಯವಹಾರ ಸಕ್ರಮ ಆಗಲ್ಲ.

ಆರ್‌ಎನ್‌ಜಿ ಪ್ರಮಾಣಪತ್ರ ಇನ್ನೊಂದು. ಎಲೆಗಳನ್ನು ಕಲೆಸುವ ತಂತ್ರಾಂಶದಲ್ಲಿ ಮೋಸ ಇಲ್ಲ ಅಂತ ಪರೀಕ್ಷಾ ಸಂಸ್ಥೆಗಳು ಕೊಡುವ ಕಾಗದ ಅದು. ಐಟೆಕ್ ಲ್ಯಾಬ್ಸ್, ಜಿಎಲ್‌ಐ, ಇಕೋಗ್ರಾ ಇಂಥ ಸಂಸ್ಥೆಗಳು. ಕಾಗದ ನಿಜವಿದ್ದರೂ ಅದು ತಂತ್ರಾಂಶದ ಒಂದು ಆವೃತ್ತಿಗೆ ಸಂಬಂಧಪಟ್ಟದ್ದು. ದುಡ್ಡು ಕೊಡುತ್ತಾರಾ ಇಲ್ಲವಾ ಅನ್ನೋದನ್ನು ಅದು ಹೇಳಲ್ಲ.

ಇನ್ನು ನಿಜವಾದ ಭಾರತೀಯ ಲೈಸೆನ್ಸ್ ಅಂತ ತೋರಿಸುವುದು ಎರಡು ರಾಜ್ಯದ್ದು. ನಾಗಾಲ್ಯಾಂಡ್ ಕೌಶಲದ ಆನ್‌ಲೈನ್ ಆಟಗಳಿಗೆ ಲೈಸೆನ್ಸ್ ಕೊಡುವ ಕಾನೂನು ಮಾಡಿತ್ತು, ಪೋಕರ್ ಕೂಡ ಆ ಪಟ್ಟಿಯಲ್ಲಿತ್ತು. ಸಿಕ್ಕಿಂ 2008ರಲ್ಲೇ ಕಾನೂನು ಮಾಡಿತ್ತು, ಆಮೇಲೆ ರಾಜ್ಯದೊಳಗಿನ ಟರ್ಮಿನಲ್‌ಗಳಿಗೆ ಸೀಮಿತಗೊಳಿಸಿತು. ಇವೆರಡರಲ್ಲಿ ಯಾವುದನ್ನು ತೋರಿಸಿದರೂ ಹಂತ 1ಕ್ಕೆ ವಾಪಸ್ ಹೋಗಿ.

## ಹಂತ 4: ಪ್ರಾಧಿಕಾರದ ರಿಜಿಸ್ಟರ್‌ನಲ್ಲಿ ತಾಳೆ ನೋಡಿ

ಇಲ್ಲಿ ಒಂದು ಕಟ್ಟುನಿಟ್ಟು: ಸೈಟಿನಲ್ಲಿರುವ ಮುದ್ರೆಯನ್ನು ಒತ್ತಬೇಡಿ. ಅದನ್ನು ಒತ್ತಿದರೆ ತೆರೆದುಕೊಳ್ಳುವ ‘ವೆರಿಫೈಡ್’ ಪುಟವನ್ನೂ ಅವರೇ ಮಾಡಿಟ್ಟಿರಬಹುದು. ವಿಳಾಸದಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಬೇರೆ ಟ್ಯಾಬ್ ತೆರೆದು, ಪ್ರಾಧಿಕಾರದ ಹೆಸರನ್ನು ನೀವೇ ಟೈಪ್ ಮಾಡಿ, ಅಲ್ಲಿಂದ ರಿಜಿಸ್ಟರ್‌ಗೆ ಹೋಗಿ. ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್, ಮಾಲ್ಟಾ ಗೇಮಿಂಗ್ ಅಥಾರಿಟಿ ಎರಡೂ ಲೈಸೆನ್ಸ್ ಪಡೆದವರ ಪಟ್ಟಿಯನ್ನು ಯಾರು ಬೇಕಾದರೂ ನೋಡುವ ಹಾಗೆ ಇಟ್ಟಿವೆ.

ತಾಳೆ ನೋಡಬೇಕಾದ ಕ್ರಮ ಹೀಗೆ. ಮೊದಲು ಕಂಪನಿ ಹೆಸರು ಅಕ್ಷರ ಅಕ್ಷರ ಹೊಂದುತ್ತದಾ. ಆಮೇಲೆ ಸ್ಥಿತಿ: ಚಾಲ್ತಿಯಾ, ಅಮಾನತ್ತಾ, ರದ್ದಾ, ವಾಪಸ್ ಒಪ್ಪಿಸಿದ್ದಾ. ಆಮೇಲೆ ವೆಬ್ ವಿಳಾಸ. ಹೆಚ್ಚಿನ ನಕಲಿಗಳು ಸಿಕ್ಕಿಬೀಳುವುದು ಈ ಮೂರನೆಯದರಲ್ಲೇ. ಯಾವುದೋ ಮರ್ಯಾದಸ್ಥ ಕಂಪನಿಯ ನಿಜವಾದ ನಂಬರ್ ಕದ್ದು ಹಾಕಿಕೊಂಡಿರುತ್ತಾರೆ. ನಂಬರ್ ಸರಿ, ಕಂಪನಿ ಸರಿ, ಆದರೆ ಆ ಕಂಪನಿಯ ಹೆಸರಲ್ಲಿ ನೋಂದಣಿಯಾದ ವಿಳಾಸಗಳಲ್ಲಿ ಈ ಸೈಟ್ ಇರುವುದಿಲ್ಲ.

ನಾಲ್ಕನೆಯದು, ಲೈಸೆನ್ಸಿನ ಬಗೆ. ಪೋಕರ್‌ನಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಆಡುತ್ತಾರೆ, ಸೈಟಿನವರು ಪ್ರತಿ ಪಾಟ್‌ನಿಂದ, ಅಂದರೆ ಎಲ್ಲರೂ ಕಟ್ಟಿದ ಪಣದ ರಾಶಿಯಿಂದ, ರೇಕ್ ಅಂತ ತಮ್ಮ ಪಾಲು ಎತ್ತಿಕೊಳ್ಳುತ್ತಾರೆ. ಮಾಲ್ಟಾದಲ್ಲಿ ಇಂಥ ಆಟಕ್ಕೆ ಇರುವುದು ಟೈಪ್ 3. ಟೈಪ್ 2 ಅಂದರೆ ಕ್ರೀಡಾ ಬೆಟ್ಟಿಂಗ್‌ನಂಥದ್ದು. ಬೆಟ್ಟಿಂಗ್ ಲೈಸೆನ್ಸ್ ತೋರಿಸಿ ಪೋಕರ್ ಮೇಜು ನಡೆಸುತ್ತಿದ್ದರೆ ಅದು ಲೈಸೆನ್ಸ್ ಇಲ್ಲದ ಹಾಗೇ.

ಕುರಸಾವ್ ಹೆಸರು ನಮ್ಮ ಕಡೆ ಬಹಳ ಓಡಾಡುತ್ತದೆ. ಕೆರಿಬಿಯನ್ ಸಮುದ್ರದ ಸಣ್ಣ ದ್ವೀಪ. ಅಲ್ಲಿ ಮೊದಲು ಕೆಲವೇ ಮುಖ್ಯ ಲೈಸೆನ್ಸ್‌ದಾರರಿದ್ದರು, ಅವರು ಕೆಳಗಿನವರಿಗೆ ಉಪ-ಲೈಸೆನ್ಸ್ ಹಂಚುತ್ತಿದ್ದರು. ‘ಜೆಎಝಡ್’ ಅಂತ ಕೊನೆಯಾಗುವ ನಂಬರ್‌ಗಳು ಆ ಕಾಲದವು. 2024ರ ಡಿಸೆಂಬರ್ 24ರಿಂದ ಹೊಸ ಕಾನೂನು ಜಾರಿಗೆ ಬಂದು, ಪ್ರಾಧಿಕಾರವೇ ನೇರವಾಗಿ ಲೈಸೆನ್ಸ್ ಕೊಡುವ ಪದ್ಧತಿ ಬಂದಿದೆ. ಇವತ್ತಿಗೂ ಪುಟದ ತಳದಲ್ಲಿ ಹಳೆಯ ನಂಬರ್ ಮಾತ್ರ ಇದ್ದರೆ ಅನುಮಾನ ಪಡಿ.

## ಹಂತ 5: ಅರ್ಹತೆಯ ಷರತ್ತುಗಳಿಗೆ ಹೋಲಿಸಿ

ರಿಜಿಸ್ಟರ್‌ನಲ್ಲಿ ಹೆಸರು ಸಿಕ್ಕಿತು ಅಂತಿಟ್ಟುಕೊಳ್ಳಿ. ಗಟ್ಟಿ ಪ್ರಾಧಿಕಾರಗಳು ಏನೇನು ಕೇಳುತ್ತವೆ ಅಂತ ಗೊತ್ತಿದ್ದರೆ ಸೈಟಿನ ನಡವಳಿಕೆಯಲ್ಲೇ ಪೊಳ್ಳು ಗೊತ್ತಾಗುತ್ತದೆ.

ಮಾಲ್ಟಾದಲ್ಲಿ ಟೈಪ್ 3ಕ್ಕೆ ಕನಿಷ್ಠ 40,000 ಯೂರೋ ಷೇರು ಬಂಡವಾಳ ಬೇಕು, ಕಂಪನಿ ಯುರೋಪಿನ ಆರ್ಥಿಕ ವಲಯದಲ್ಲಿ ನೋಂದಣಿಯಾಗಿರಬೇಕು. ಲೈಸೆನ್ಸ್ ಅವಧಿ 10 ವರ್ಷ. ಬ್ರಿಟನ್ ಪಕ್ಕದ ದ್ವೀಪ ಐಲ್ ಆಫ್ ಮ್ಯಾನ್‌ನಲ್ಲಿ ಸ್ಥಳೀಯವಾಗಿ ಕಂಪನಿ ಕಟ್ಟಿ, ಅಲ್ಲೇ ವಾಸವಿರುವ ಕನಿಷ್ಠ ಇಬ್ಬರು ನಿರ್ದೇಶಕರನ್ನು ಇಡಬೇಕು. ಎಲ್ಲ ಕಡೆಯೂ ಮಾಲೀಕರು ಯಾರು, ಬಂಡವಾಳ ಎಲ್ಲಿಂದ ಬಂತು, ಹಳೆಯ ಕ್ರಿಮಿನಲ್ ದಾಖಲೆ ಇದೆಯಾ ಅಂತ ಜಾಲಾಡುತ್ತಾರೆ. ಆಟಗಾರರ ಗುರುತು ಪರಿಶೀಲನೆ, ಅಕ್ರಮ ಹಣ ತಡೆಯುವ ವ್ಯವಸ್ಥೆ, ‘ನನ್ನನ್ನು ಆಡಲು ಬಿಡಬೇಡಿ’ ಅಂತ ಆಟಗಾರನೇ ಬಾಗಿಲು ಹಾಕಿಕೊಳ್ಳುವ ಅವಕಾಶ, ಇವು ಇರಲೇಬೇಕು.

ಬ್ರಿಟನ್ನಿನ ನಿಯಮ ಇಲ್ಲಿ ಕಣ್ಣು ತೆರೆಸುತ್ತದೆ. 2014ರಿಂದ, ಕಂಪನಿ ಜಗತ್ತಿನ ಯಾವ ಮೂಲೆಯಲ್ಲೇ ಇರಲಿ, ಬ್ರಿಟನ್ನಿನ ಗ್ರಾಹಕರಿಗೆ ಆಡಿಸಬೇಕಾದರೆ ಬ್ರಿಟನ್ನಿನ ಲೈಸೆನ್ಸೇ ಬೇಕು. ಬೇರೆ ದೇಶದ್ದು ಅಲ್ಲಿ ನಡೆಯಲ್ಲ. ಮಾಲ್ಟಾದ ಕಾಗದ ಲಂಡನ್ನಿನಲ್ಲೇ ನಡೆಯದಿದ್ದ ಮೇಲೆ ಲಿಂಗನಮಕ್ಕಿಯಲ್ಲಿ ನಡೆಯುತ್ತದಾ?

ಈಗ ನಿಮ್ಮ ಮುಂದಿರುವ ಸೈಟ್ ನೋಡಿ. ವಯಸ್ಸು ಕೇಳದೆ ಖಾತೆ ತೆರೆಸಿತಾ? ಖಾತೆ ಮುಚ್ಚುವ ಬಟನ್ನೇ ಇಲ್ಲವಾ? ಹಾಗಿದ್ದರೆ ಆ ಮುದ್ರೆಯ ಬಗ್ಗೆ ಇನ್ನೇನೂ ನೋಡಬೇಕಾಗಿಲ್ಲ.

## ಹಂತ 6: ದುಡ್ಡು ಹೋಗುವ ದಾರಿ

ನನ್ನ ಪ್ರಕಾರ ಸುಳ್ಳು ಬಯಲಾಗುವುದು ಇಲ್ಲಿ. ಕಾಗದದಲ್ಲಿ ಏನು ಬೇಕಾದರೂ ಬರೆಯಬಹುದು, ಯುಪಿಐ ಹೆಸರನ್ನು ಮುಚ್ಚಿಡೋಕೆ ಆಗಲ್ಲ.

ದುಡ್ಡು ಹಾಕಿದವರ ಫೋನ್‌ನಲ್ಲಿ ಹಳೆಯ ಪಾವತಿಗಳನ್ನು ಒಂದೊಂದಾಗಿ ತೆರೆದು ನೋಡಿ. ಸೋಮವಾರದ 500 ರೂಪಾಯಿ ಯಾವುದೋ ‘ಟ್ರೇಡರ್ಸ್’ಗೆ ಹೋಗಿರುತ್ತದೆ. ಬುಧವಾರದ 2,000 ‘ಮೊಬೈಲ್ ಶಾಪ್’ ಒಂದಕ್ಕೆ. ಶುಕ್ರವಾರದ್ದು ಯಾರದ್ದೋ ಖಾಸಗಿ ಹೆಸರಿಗೆ, ಯಾವುದೋ ದೂರದ ರಾಜ್ಯದ ಬ್ಯಾಂಕ್ ಶಾಖೆಗೆ. ಕ್ಯೂಆರ್ ಕೋಡ್ ಹತ್ತು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ‘ರಿಮಾರ್ಕ್ಸ್‌ನಲ್ಲಿ ಗೇಮ್ ಅಂತ ಬರೀಬೇಡಿ’ ಅನ್ನುವ ಸೂಚನೆ ಬೇರೆ. ಇವೆಲ್ಲ ಬಾಡಿಗೆ ಖಾತೆಗಳು. ಲೈಸೆನ್ಸ್ ಇರುವ ಕಂಪನಿ ತನ್ನದೇ ಹೆಸರಿನ ಖಾತೆಗೆ ದುಡ್ಡು ತೆಗೆದುಕೊಳ್ಳುತ್ತದೆ. 2025ರ ಕಾಯ್ದೆ ಬ್ಯಾಂಕ್, ಪಾವತಿ ಸಂಸ್ಥೆಗಳಿಗೂ ಇಂಥ ಪಾವತಿ ನಡೆಸಬಾರದು ಅಂದಿದೆ, ಅದಕ್ಕೇ ಈ ಕಳ್ಳದಾರಿ. ‘ಹಾಗಾದ್ರೆ ಯುಎಸ್‌ಡಿಟಿ ಕಳಿಸಿ’ ಅಂತ ಕ್ರಿಪ್ಟೊ ಕರೆನ್ಸಿ ಕೇಳುವುದೂ ಅದರದ್ದೇ ಇನ್ನೊಂದು ಕವಲು.

ಕ್ಲಬ್ ಮಾದರಿಯ ಆ್ಯಪ್‌ಗಳಲ್ಲಿ ಇನ್ನೂ ನಾಜೂಕು. ಆ್ಯಪ್ ತನ್ನನ್ನು ‘ಬರೀ ಮನರಂಜನೆ, ದುಡ್ಡಿಲ್ಲ’ ಅಂದುಕೊಳ್ಳುತ್ತದೆ. ಚಿಪ್ಸ್ ಲೆಕ್ಕ ಇಡುವವನು ವಾಟ್ಸಾಪ್ ಗುಂಪಿನ ಏಜೆಂಟ್. ದುಡ್ಡು ಅವನ ಕೈಗೆ, ಅವನು ಫೋನ್ ಸ್ವಿಚ್ ಆಫ್ ಮಾಡಿದರೆ ಆ್ಯಪ್‌ನವರು ‘ನಮಗೂ ಅವನಿಗೂ ಸಂಬಂಧ ಇಲ್ಲ’ ಅನ್ನುತ್ತಾರೆ. ಓಸಿ (ಮಟ್ಕಾ) ಬರೆಸಿಕೊಳ್ಳುವವನಿಗಾದರೂ ಊರಲ್ಲಿ ಒಂದು ಮುಖ ಇರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಗಂಟೆ: ಗೆದ್ದ ದುಡ್ಡು ಬಿಡಿಸಿಕೊಳ್ಳಲು ‘ಮೊದಲು 30% ಟ್ಯಾಕ್ಸ್ ಕಟ್ಟಿ’ ಅನ್ನುವುದು. 30% ಅನ್ನುವ ಅಂಕಿ ಸುಳ್ಳಲ್ಲ. ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ 30% ಟಿಡಿಎಸ್ 2023ರ ಏಪ್ರಿಲ್ 1ರಿಂದ ಬಂದದ್ದು, ಜನ ನಂಬುವುದೂ ಅದಕ್ಕೇ. ಆದರೆ ಟಿಡಿಎಸ್ ಅಂದರೆ ಕೊಡುವಾಗ ಮುರಿದುಕೊಳ್ಳುವುದು. ಗೆದ್ದವನ ಜೇಬಿನಿಂದ ಹೊಸದಾಗಿ ಕಟ್ಟಿಸಿಕೊಳ್ಳುವುದಲ್ಲ. ಮುರಿದುಕೊಂಡಿದ್ದರೆ ನಿಮ್ಮ ಪ್ಯಾನ್‌ನ ತೆರಿಗೆ ಕಡಿತದ ವಾರ್ಷಿಕ ವಿವರದಲ್ಲಿ ಕಾಣಬೇಕು. ಟ್ಯಾಕ್ಸ್ ಕಟ್ಟಿದ ಮೇಲೆ ‘ಅನ್‌ಲಾಕ್ ಚಾರ್ಜ್’, ಆಮೇಲೆ ‘ಕರೆನ್ಸಿ ಕನ್ವರ್ಷನ್’ ಅಂತ ಬರುತ್ತಲೇ ಇರುತ್ತದೆ. ಮೊದಲ ಕಂತಿನಲ್ಲೇ ನಿಲ್ಲಿಸಿ.

## ಹಂತ 7: ನಿಮ್ಮನ್ನೇ ಒಳಗೆ ಕರೆದರೆ

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಏಜೆಂಟರ ಫೋನೂ ಜಾಸ್ತಿ. ಆಡಲು ಒಪ್ಪದ ಹುಡುಗರಿಗೆ ಬೇರೆ ಆಸೆ ತೋರಿಸುತ್ತಾರೆ: ಕಮಿಷನ್‌ಗೆ ಆಟಗಾರರನ್ನು ಸೇರಿಸು, ಇನ್‌ಸ್ಟಾಗ್ರಾಂನಲ್ಲಿ ಲಿಂಕ್ ಹಾಕು, ಬ್ಯಾಂಕ್ ಪಾಸ್‌ಬುಕ್ ಮತ್ತು ಸಿಮ್ ತಿಂಗಳ ಬಾಡಿಗೆಗೆ ಕೊಡು.

ಆಟಗಾರನಿಗೆ ಇಲ್ಲದ ಶಿಕ್ಷೆ ಇಲ್ಲಿ ಇದೆ. ಹಣದ ಆಟ ಒದಗಿಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಣದ ವಹಿವಾಟು ನಡೆಸಿಕೊಟ್ಟರೂ ಅಷ್ಟೇ. ಜಾಹೀರಾತು ಮಾಡಿದರೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಟ ಒದಗಿಸುವುದು, ವಹಿವಾಟು ನಡೆಸುವುದು ಜಾಮೀನುರಹಿತ ಅಪರಾಧಗಳು. ‘ನಾನು ಪಾಸ್‌ಬುಕ್ ಕೊಟ್ಟೆ ಅಷ್ಟೇ’ ಅನ್ನುವ ಮಾತು ಪೊಲೀಸರ ಮುಂದೆ ನಿಲ್ಲುವುದು ಕಷ್ಟ, ಖಾತೆ ನಿಮ್ಮ ಹೆಸರಲ್ಲೇ ಇರುತ್ತದೆ.

ಸ್ವಂತ ಪೋಕರ್ ಸೈಟ್ ಮಾಡುವ ಆಸೆ ಇರುವ ಸಾಫ್ಟ್‌ವೇರ್ ಹುಡುಗರಿಗೆ: ಶಿವಮೊಗ್ಗದಲ್ಲಿ ಕೂತು ಇಲ್ಲಿನವರಿಗೆ ದುಡ್ಡಿನ ಪೋಕರ್ ಆಡಿಸಲು ಲೈಸೆನ್ಸ್ ಕೊಡುವ ಕಚೇರಿ ಬೆಂಗಳೂರಲ್ಲೂ ಇಲ್ಲ, ದೆಹಲಿಯಲ್ಲೂ ಇಲ್ಲ. ‘ಮಾಡಿಸಿಕೊಡ್ತೀನಿ’ ಅನ್ನುವವನಿಗೆ ಅಡ್ವಾನ್ಸ್ ಕೊಡಬೇಡಿ. ಹಣವಿಲ್ಲದ ಸಾಮಾಜಿಕ ಆಟ ಮಾಡಬಹುದು. ಆಟಗಳನ್ನು ವಿಂಗಡಿಸಿ ನೋಂದಾಯಿಸುವ ಪ್ರಾಧಿಕಾರಕ್ಕೆ ಕಾಯ್ದೆಯಲ್ಲೇ ಅವಕಾಶ ಇದೆ. ಶುರು ಮಾಡುವ ದಿನ ಇ-ಗೆಜೆಟ್‌ನಲ್ಲಿ ನಿಯಮಗಳ ಹೊಸ ಪ್ರತಿ ಇಳಿಸಿಕೊಂಡು, ವಕೀಲರ ಜೊತೆ ಕೂತು ಓದಿ.

## ಹಂತ 8: ದುಡ್ಡು ಆಗಲೇ ಸಿಕ್ಕಿಬಿದ್ದಿದ್ದರೆ

ಸಿಟ್ಟಿನಲ್ಲಿ ಆ್ಯಪ್ ಡಿಲೀಟ್ ಮಾಡುವುದು, ಚಾಟ್ ಅಳಿಸುವುದು, ಎಲ್ಲರೂ ಮಾಡುವ ತಪ್ಪು. ಸಾಕ್ಷಿ ಎಲ್ಲ ಅಲ್ಲೇ ಇರುತ್ತದೆ. ಮೊದಲು ಸ್ಕ್ರೀನ್‌ಶಾಟ್: ಖಾತೆಯ ಬಾಕಿ, ಏಜೆಂಟ್ ಜೊತೆಗಿನ ಮಾತು, ಅವನ ನಂಬರ್, ಸೈಟಿನ ಪೂರ್ತಿ ವಿಳಾಸ, ಪ್ರತಿ ಪಾವತಿಯ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ.

ಆಮೇಲೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ, ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ನಿಮ್ಮ ಬ್ಯಾಂಕ್ ಶಾಖೆಗೆ ಲಿಖಿತವಾಗಿ ತಿಳಿಸಿ. ಶಿವಮೊಗ್ಗದಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ದೂರದ ಹಳ್ಳಿಯವರು ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. ‘ಆಡಿದ್ದು ನಾನೇ, ನನ್ನನ್ನೇ ಹಿಡೀತಾರೆ’ ಅನ್ನುವ ಹೆದರಿಕೆಗೆ ಕೂತುಬಿಡಬೇಡಿ, ಹಂತ 1ರಲ್ಲಿ ಹೇಳಿದ್ದು ನೆನಪಿರಲಿ. ಮನೆಯವರಿಗೂ ಅವತ್ತೇ ಹೇಳಿ, ಸಾಲ ಮಾಡಿ ತುಂಬಿಸುವ ಯೋಚನೆ ಬರುವ ಮೊದಲೇ.

ದೂರು ಕೊಟ್ಟ ಕೆಲವು ದಿನಕ್ಕೆ ಇನ್ನೊಂದು ಫೋನ್ ಬರಬಹುದು: ‘ನಾವು ರಿಕವರಿ ಟೀಂ, ನಿಮ್ಮ ಪೋಕರ್ ದುಡ್ಡು ವಾಪಸ್ ಕೊಡಿಸ್ತೀವಿ, ಫೈಲ್ ಚಾರ್ಜ್ 4,999.’ ಸರ್ಕಾರದ ಯಾವ ಕಚೇರಿಯೂ ಹೀಗೆ ಚಾರ್ಜ್ ಕೇಳಲ್ಲ. ಆ ನಂಬರನ್ನೂ ಅದೇ ದೂರಿಗೆ ಸೇರಿಸಿ.